ಏಕಾಂತಮ್ಮನ ಜಡೆ

ಏಕಾಂತಮ್ಮ ಹೋದ ವಾರ ತೀರಿಕೊಂಡಳು. ಹೊಳಲ್ಕೆರೆಯಲ್ಲಿ ಹಳಬರಿಗೆ ನೆನಪಿರುವುದು ಅವಳ ಜಡೆ. ಅದಿಲ್ಲದೆ ಅವಳು ಬದುಕಿದ ವರ್ಷಗಳನ್ನು ಬಲ್ಲವರು ಕಡಿಮೆ.

ಹೆಣೆದ ಜಡೆಯಲ್ಲ ಅದು. ಗಂಡ ಸತ್ತ ವರ್ಷ ತಿಂಗಳುಗಟ್ಟಲೆ ತಲೆಗೆ ಎಣ್ಣೆ, ಬಾಚಣಿಗೆ ಮುಟ್ಟಿಸದೆ ಮಲಗಿದ್ದಳು. ಎದ್ದಾಗ ಹಿಂದಲೆಯ ಕೂದಲು ಗಂಟುಗಟ್ಟಿ ಹಗ್ಗದಂತಾಗಿತ್ತು. ಅತ್ತೆ ನೋಡಿ ಕೈ ಮುಗಿದಳು.

"ಅಮ್ಮ ಬಂದು ಕುಂತವ್ಳೆ. ಕತ್ರಿ ಗಿತ್ರಿ ಮುಟ್ಟಿಸೀಯ, ಮನೇಲಿ ಎಳೇದು ಉಳಿಯಾಕಿಲ್ಲ."

ಅಂದಿನಿಂದ ಹೆದರಿಕೆ ಅವಳ ತಲೆಯ ಮೇಲೆಯೇ ಬೆಳೆಯಿತು. ಮಂಗಳವಾರ, ಶುಕ್ರವಾರ ಹೆಂಗಸರು ಬಂದು ಜಡೆಗೆ ಅರಿಸಿನ ಕುಂಕುಮ ಹಚ್ಚಿ ಕಾಲಿಗೆ ಬೀಳುವರು. ಅವರು ಹೋದ ಮೇಲೆ ಅವಳು ಕತ್ತು ಹಿಡಿದುಕೊಂಡು ಕೂರುವಳು. ಜಡೆ ಮೊಣಕಾಲಿನವರೆಗೆ ಇಳಿಯಿತು. ಮಲಗುವಾಗ ಅದಕ್ಕೊಂದು ಬೇರೆ ದಿಂಬು. ಮಗಳು ದಾವಣಗೆರೆಗೆ ಕೆಲಸಕ್ಕೆ ಹೋಗಿ, ಮೊಮ್ಮಗಳು ಅನುಷಾಳನ್ನು ಅವಳ ಬಳಿ ಬಿಟ್ಟ ಮೇಲಂತೂ ಎಲ್ಲೋ ಕತ್ತರಿಯ ಸದ್ದಾದರೂ ಮಗುವನ್ನು ಮಡಿಲಿಗೆ ಎಳೆದುಕೊಳ್ಳುವಳು.

ಜೊತೆಗೆ ಹುಣಸೆಹಣ್ಣು ಬಿಡಿಸುವ ಕೂಲಿಗೆ ಬರುತ್ತಿದ್ದವಳೊಬ್ಬಳು, ಕತ್ತುನೋವಿಗೆ ಪ್ರಾರ್ಥನೆ ಮಾಡಿಸೋಣ ಎಂದು ತಗಡಿನ ಸೂರಿನ ಸಭೆಗೆ ಕರೆದೊಯ್ದಳು. ನೋವೇನೂ ಹೋಗಲಿಲ್ಲ. ಆದರೆ ಹೊರೆ ಹೊತ್ತವರನ್ನು ಯೇಸು ಕರೆಯುವ ಮಾತನ್ನು ಪಾಸ್ಟರ್ ನಾಗಭೂಷಣ ಓದಿದಾಗ ಏಕಾಂತಮ್ಮನ ಕೈ ತಾನಾಗಿಯೇ ಹಿಂದಲೆಗೆ ಹೋಯಿತು. ಮತ್ತೆ ಯಾವ ಭಾನುವಾರವೂ ತಪ್ಪಿಸಲಿಲ್ಲ.

"ಇದನ್ನ ತೆಗೆಸ್ಬೇಕೇನಪ್ಪ?" ಎಂದು ಒಮ್ಮೆ ಕೇಳಿದಳು.

"ಜಡೆ ಇದ್ರೂ ಆತ ಬ್ಯಾಡ ಅನ್ನಲ್ಲಮ್ಮ. ನಿಮ್ಮ ಹೆದರಿಕೆ ಆತನಿಗೆ ಕೊಡ್ರಿ, ಸಾಕು."

ಹೆದರಿಕೆ ಇರುವುದೇ ಜಡೆಯಲ್ಲಿ. ಇದನ್ನು ಇಟ್ಟುಕೊಂಡು ಅದನ್ನು ಹೇಗೆ ಕೊಡುವುದು?

ಕ್ಷೌರದವನು ಒಲ್ಲೆ ಎಂದು ಕೈ ಮುಗಿದ. ಕೊನೆಗೆ ಗೆಳತಿ, ಬಟ್ಟೆ ಹೊಲಿಯುವ ಮೆಹರುನ್ನೀಸಾಳ ಮನೆಗೆ ಹೋಗಿ ಬಾಗಿಲು ಹಾಕಿಕೊಂಡು ವಿಷಯ ಹೇಳಿದಳು.

"ರವಿಕೆ ಹೊಲಿಸಾಕೆ ಬಂದ್ಯೇನೋ ಅನ್ಕಂಡೆ," ಎಂದಳು ಮೆಹರುನ್ನೀಸಾ. "ನಂಗೂ ಮಕ್ಳವೆ ಕಣೇ."

"ಏನು ಬಂದ್ರೂ ನನ್ಗಿರ್ಲಿ. ನೀನು ಬರೀ ಕತ್ರಿ."

"ಕತ್ರಿಗೇ ನಡುಕ ಬಂದೈತೆ, ನೋಡಿಲ್ಲಿ."

ಜಡೆ ನಾರಿನ ಹಗ್ಗದಷ್ಟು ಗಟ್ಟಿ. ಎಳೆ ಎಳೆಯಾಗಿ ಕೊಯ್ಯಬೇಕಾಯಿತು. ಕಡೆಯ ಎಳೆ ಹರಿದಾಗ ಏಕಾಂತಮ್ಮನ ತಲೆ ತಟ್ಟನೆ ಮುಂದಕ್ಕೆ ಬಾಗಿತು. ಹಿಂದಕ್ಕೆ ಜಗ್ಗುವ ಭಾರದ ಎದುರು ಸೆಟೆದು ಸೆಟೆದು ಕತ್ತಿಗೆ ಅದೇ ರೂಢಿಯಾಗಿತ್ತು. ಇಬ್ಬರೂ ನಗಲಿಲ್ಲ. ಜಡೆಯನ್ನು ಹಳೆಯ ಸೀರೆಯಲ್ಲಿ ಗಂಟು ಕಟ್ಟಿ ಮನೆಯ ಮೂಲೆಯಲ್ಲಿಟ್ಟಳು. ಎಸೆಯಲು ಧೈರ್ಯ ಬರಲಿಲ್ಲ.

ನಾದಿನಿ ಚಂದ್ರಕ್ಕ ಬಂದವಳು ಹೊಸಿಲಲ್ಲೇ ನಿಂತಳು. "ಅತ್ಗೆ, ಎಂಥ ಕೆಲ್ಸ ಮಾಡ್ಕಂಡೆ! ಇನ್ನು ಮಗೀನ ಹುಷಾರಾಗಿ ನೋಡ್ಕ."

ಅದೇ ವಾರ ಅನುಷಾಳಿಗೆ ಜ್ವರ ಬಂತು. ಮಾತ್ರೆಗೆ ಬಗ್ಗಲಿಲ್ಲ. ಒಂದು ಸಂಜೆ ಮಗು ಕಣ್ಣು ತೆರೆಯದಾಯಿತು, ವಸಡಿನಲ್ಲಿ ರಕ್ತ ಕಂಡಿತು. ಏಕಾಂತಮ್ಮ ಒಂದು ಕಂಕುಳಲ್ಲಿ ಮಗುವನ್ನೂ ಇನ್ನೊಂದರಲ್ಲಿ ಆ ಗಂಟನ್ನೂ ಇರುಕಿಕೊಂಡು ಆಟೊ ಹತ್ತಿದಳು.

"ಎಲ್ಲಿಗವ್ವ?"

ತಾಳ್ಯದ ಹತ್ತಿರದ ತವರೂರಿನಲ್ಲಿ ಅಮ್ಮನ ಗುಡಿಯಿತ್ತು. ಜಡೆಯನ್ನು ಪಾದಕ್ಕಿಟ್ಟು ತಪ್ಪಾಯಿತೆಂದು ಅಡ್ಡಬಿದ್ದರೆ? ಊರ ಹೆಸರು ನಾಲಿಗೆಯ ತುದಿಗೆ ಬಂದಿತ್ತು. ಒಳಗೊಳಗೇ ಬೇಡುತ್ತಿದ್ದುದು ಮಾತ್ರ ಯೇಸುವನ್ನು: ಯೇಸಪ್ಪ, ನನ್ನ ತಗೋ, ಈ ಮಗೀನ ಬಿಡು. ಬೇಡುತ್ತಲೇ ಬೆಚ್ಚಿದಳು. ಇದೂ ಹಳೆಯ ವ್ಯಾಪಾರವೇ. ತನ್ನನ್ನು ಕರೆದವನು ಯಾರ ಎಳೆಯದನ್ನೂ ಕೇಳಿದವನಲ್ಲ, ಎಲ್ಲರ ಬದಲು ತಾನೇ ಸತ್ತವನು.

"ಬೇಗ ಹೇಳವ್ವ, ಎಲ್ಲಿಗೆ ಹೋಗಾಣ?"

"ಆಸ್ಪತ್ರೆಗೆ."

ಹೆದರಿಕೆ ಇಳಿದು ಹೋಗಲಿಲ್ಲ. ಪಕ್ಕದಲ್ಲೇ ಕೂತು ಆಸ್ಪತ್ರೆಯವರೆಗೂ ಬಂತು. ಆದರೆ ಎಲ್ಲಿಗೆ ಎಂದು ಹೇಳಿದ್ದು ಅದಲ್ಲ.

ಡೆಂಗ್ಯೂ ಎಂದರು ಡಾಕ್ಟರು. ಬೆಳಗಿನವರೆಗೆ ತಡೆದಿದ್ದರೆ ಕಷ್ಟವಿತ್ತಂತೆ. ಮಗು ಕಣ್ಣು ತೆರೆದು ಮೊದಲು ಕೇಳಿದ್ದು, "ಅಜ್ಜಿ, ಆ ಗಂಟಲ್ಲಿ ತಿಂಡಿ ಐತಾ?"

ಮನೆಗೆ ಬಂದು ಗಂಟನ್ನು ಹಿತ್ತಲಲ್ಲಿ ಹೂತಳು. ಸುಡು ಎಂದವರಿದ್ದರು. "ಅಮ್ಮನ ಮ್ಯಾಲೆ ನಂಗೇನು ಸಿಟ್ಟಿಲ್ಲ ಕಣೇ," ಎಂದಳು ಮೆಹರುನ್ನೀಸಾಳಿಗೆ. "ಹೆದ್ರಿ ಹೆದ್ರಿ ಸಾಕಾಗೈತೆ."

ಆಮೇಲೂ ಅನುಷಾ ಸೀನಿದರೆ ಅವಳ ಎದೆ ಹೊಡೆದುಕೊಳ್ಳುತ್ತಿತ್ತು. ಹೊಡೆದುಕೊಳ್ಳುತ್ತಿರುವಾಗಲೇ ಪ್ರಾರ್ಥನೆಗೆ ಮೊಣಕಾಲೂರುತ್ತಿದ್ದಳು.

ಅವಳನ್ನು ಕೊಂಡೊಯ್ದದ್ದು ಹೃದಯದ ಕಾಯಿಲೆ. ಮಣ್ಣು ಮಾಡುವ ಮುಂಚೆ, ಈಗ ಕಾಲೇಜಿಗೆ ಹೋಗುವ ಅನುಷಾ ಅಜ್ಜಿಯ ತಲೆ ಬಾಚುತ್ತಿದ್ದಳು.

"ಅಮ್ಮ ಮರ್ತಿರ್ಲಿಲ್ಲ, ನೋಡು," ಎಂದು ಚಂದ್ರಕ್ಕ ಪಿಸುಗುಟ್ಟಿದಳು.

ಹುಡುಗಿಯ ಕೈ ನಿಂತಿತು.

"ಎಳೇದು ಉಳಿದೈತಲ್ಲ ಚಂದ್ರಕ್ಕ, ಎದ್ರುಗೇ ಕುಂತೈತೆ," ಎಂದಳು ಮೆಹರುನ್ನೀಸಾ. "ನೀನು ಬಾಚಮ್ಮ."

ಬಾಚಣಿಗೆ ನೆತ್ತಿಯಿಂದ ತುದಿಯವರೆಗೆ ಎಲ್ಲೂ ಸಿಕ್ಕದೆ ಇಳಿಯಿತು.