ಗಿಝೆಲ್ಲಾ ಹೆಸರಿಗೆ ಬಂದ ಪೊಟ್ಟಣ

ಗಿಝೆಲ್ಲಾ ಬೋದ್ನಾರ್ ಅವರನ್ನು ಮೊದಲ ಸಲ ಕಂಡಾಗ ನಾನು ಅಡುಗೆಯವರೆಂದೇ ತಿಳಿದಿದ್ದೆ. ಕೆಚ್‌ಕೆಮೇಟ್ ಊರಾಚೆಯ ತೋಟದ ಮನೆಯ ಅಂಗಳದಲ್ಲಿ, ಜನವರಿಯ ಹಿಮದ ನಡುವೆ, ಅಂಗಿಯ ತೋಳು ಮೇಲಕ್ಕೆ ಮಡಚಿ ಕೊಪ್ಪರಿಗೆಯಲ್ಲಿ ಹಂದಿಯ ಕೊಬ್ಬು ಕರಗಿಸುತ್ತಿದ್ದರು. ಹಿಟ್ಟಿನ ಗಿರಣಿ ಕಂಪನಿಯ ಉಪನಿರ್ದೇಶಕನಿಗೆ ಇರಬೇಕಾದ ಗತ್ತಿನಲ್ಲಿ ನಾನು, "ಏನಮ್ಮಾ, ಉಪ್ಪು ಸ್ವಲ್ಪ ಹಿಡಿತದಲ್ಲಿರ್ಲಿ" ಎಂದೆ.

"ಆಗ್ಲಿ ಸಾರ್. ನಿಮ್ಮ ಕಂಪ್ಯೂಟರಲ್ಲಿ ಒಬ್ನೇ ಗಿರಾಕಿ ಮೂರು ಹೆಸರಲ್ಲಿ ಕೂತಿದಾನಲ್ಲ, ಅವನನ್ನೂ ಹಿಡಿತಕ್ಕೆ ತರೋಣ್ವಾ?"

ಅವರ ಕಸುಬು ಅದು. ಕಂಪನಿಗಳ ಡೇಟಾಬೇಸನ್ನು ಹಳೆಯ ಯಂತ್ರದಿಂದ ಹೊಸದಕ್ಕೆ ಸಾಗಿಸುವ ಕೆಲಸಕ್ಕೆ ದೊಡ್ಡ ಸಾಹೇಬರನ್ನು ಒಪ್ಪಿಸುವುದು. ಸಾಹೇಬರು ಕಚೇರಿಯಲ್ಲಿ ಕಿವಿ ಕೊಡುವುದಿಲ್ಲವೆಂದು ಗಿಝೆಲ್ಲಾ ದುಡಿಯುತ್ತಿದ್ದ ಕಂಪನಿ ಪ್ರತಿ ಚಳಿಗಾಲ ಹಂದಿ ಕೊಯ್ಯುವ ಔತಣ ಇಡುತ್ತಿತ್ತು. ಬೆಳಗಾಗುತ್ತಲೇ ಪಾಲಿಂಕಾ ಸಾರಾಯಿ, ಆಮೇಲೆ ಸಾಸೇಜು, ನಡುನಡುವೆ ಗಿಝೆಲ್ಲಾ.

ಗಿಝೆಲ್ಲಾ ನಮ್ಮ ಮಹಾನಿರ್ದೇಶಕ ವೆಂಡೆಲ್ ಅವರ ಬೆನ್ನು ಹತ್ತಿ ಅದು ಮೂರನೆಯ ಚಳಿಗಾಲ. ನಮ್ಮ ಏಳು ಗಿರಣಿಗಳ ಗುತ್ತಿಗೆ ಸಿಕ್ಕರೆ ಕೆಚ್‌ಕೆಮೇಟ್ ಕಚೇರಿಯ ಯಜಮಾನಿಕೆ ಗಿಝೆಲ್ಲಾಗೇ ಎಂದು ಅವರ ಮಾಲೀಕ ಲೋರಾಂಟ್ ಮಾತು ಕೊಟ್ಟಿದ್ದ. ಹದಿನಾಲ್ಕು ವರ್ಷ ಅವನ ಜೊತೆ ದುಡಿದವರು. ಅವನ ಮಗಳಿಗೆ ದೀಕ್ಷಾಸ್ನಾನ ಮಾಡಿಸಿದ ದಿನ ಕೂಸನ್ನು ಎತ್ತಿಕೊಂಡವರೂ ಇವರೇ.

ವೆಂಡೆಲ್ ಹೊಸ ಬೂಟು ತೊಟ್ಟು, ಹಂದಿಯ ಬಾಲ ಹಿಡಿದು, ತಾವೇ ಕೊಂದವರಂತೆ ಫೋಟೋ ತೆಗೆಸಿಕೊಂಡು ಬಂದರು.

"ಸಾಗಿಸೋವಾಗ ಗಿರಣಿ ಎಷ್ಟು ದಿನ ನಿಲ್ಬೇಕು?"

"ನೀವು ಮೊದಲ್ನೇ ಲೋಟ ಎತ್ತಿದಾಗ, ಪರೀಕ್ಷೆಗೆ ಅಂತ ಕೊಟ್ಟಿದ್ದ ನಿಮ್ಮ ಬಾಯಾ ಊರಿನ ಗಿರಣಿ ಲೆಕ್ಕ ಹಳೇ ಯಂತ್ರದಿಂದ ಹೊರಡ್ತು. ಈಗ ಹೊಸ ಮನೇಲಿ ಕಾಲು ಚಾಚಿ ಕೂತಿದೆ. ಫೋನ್ ಮಾಡಿ ಕೇಳಿ, ಹಿಟ್ಟು ಮಾರೋದು ನಿಂತಿತ್ತಾ ಅಂತ."

ಫೋನ್ ಮಾಡಿದರು. ನಿಂತಿರಲಿಲ್ಲ. ಆ ಕಡೆಯವನಿಗೆ ವಿಷಯವೇ ಗೊತ್ತಿರಲಿಲ್ಲ. ಮಧ್ಯಾಹ್ನದ ಎಲುಬಿನ ಸಾರು ಬರುವುದರೊಳಗೆ ವೆಂಡೆಲ್ ಸಹಿ ಹಾಕಿದರು. ಕಾಗದದ ಮೂಲೆಗೆ ಒಂದು ಜಿಡ್ಡಿನ ಹೆಬ್ಬೆಟ್ಟೂ ಬಿತ್ತು.

ಹೊರಡುವಾಗ ಅತಿಥಿಗಳ ಕೈಗೆ ರುಚಿಪೊಟ್ಟಣ ಬಂತು: ಒಂದಷ್ಟು ಸಾಸೇಜು, ಚರ್ಮದ ಗರಿಗರಿ ಚೂರು, ಮೇಲೊಂದು ಹೆಸರಿನ ಚೀಟಿ. ನಮ್ಮಲ್ಲಿ ಈ ಪೊಟ್ಟಣ ಹೊರಗಿನವರಿಗೆ ಮಾತ್ರ. ಮನೆಯವರಿಗೆ ಯಾರೂ ಕಟ್ಟಿ ಕೊಡುವುದಿಲ್ಲ, ಅವರು ಕೊಪ್ಪರಿಗೆಯ ತಳ ಕೆರೆದು ತಿನ್ನುವವರು. ಪ್ರತಿ ವರ್ಷ ಚೀಟಿ ಬರೆಯುತ್ತಿದ್ದವರು ಗಿಝೆಲ್ಲಾ. ಈ ಸಲ, "ಮಾತಾಡಿ ದಣಿದಿರ್ತೀಯ, ಬಿಡಕ್ಕಾ" ಎಂದು ಲೋರಾಂಟನೇ ಬರೆದಿದ್ದ. ಬುಟ್ಟಿಯಲ್ಲಿ ಕೊನೆಗೆ ಉಳಿದ ಪೊಟ್ಟಣದ ಮೇಲೆ ಅವರದೇ ಹೆಸರಿತ್ತು.

ಅವರು ಅದನ್ನು ಎರಡು ಸಲ ಓದಿದರು.

"ಕಚೇರಿ ಯಾರಿಗೋ, ಲೋರಾಂಟ್?"

"ನನ್ನ ಭಾವಮೈದುನನಿಗಕ್ಕಾ. ಹೊಸ ಕಾಲ, ಹೊಸ ಮುಖ ಬೇಕು... ನಿನಗೂ ವಿಶ್ರಾಂತಿ. ಸೋಮವಾರದಿಂದ ಬರೋದು ಬೇಡ."

"ನಿನ್ನೆಯೇ ಹೇಳ್ಬಹುದಿತ್ತಲ್ಲ."

"ಹೇಳಿದ್ರೆ ಇವತ್ತು ಹೀಗೆ ಮಾತಾಡ್ತಿದ್ದೆಯಾ?"

ಅದನ್ನು ಅವನು ಮೆಚ್ಚುಗೆಯ ದನಿಯಲ್ಲೇ ಹೇಳಿದ. ಗಿಝೆಲ್ಲಾ ನಮ್ಮ ಕಡೆ ತಿರುಗಿದರು. ವೆಂಡೆಲ್ ತಮ್ಮ ಪೊಟ್ಟಣ ಇತರರದಕ್ಕಿಂತ ಚಿಕ್ಕದಾಗಿದೆಯೇನೋ ಎಂದು ತೂಗಿ ನೋಡುತ್ತಿದ್ದರು. ನಾನು, ಏಳು ಗಿರಣಿಗಳ ಉಪನಿರ್ದೇಶಕ, ಬೂಟಿಗೆ ಮೆತ್ತಿದ ಹಿಮವನ್ನು ಬಹಳ ಶ್ರದ್ಧೆಯಿಂದ ಕೆರೆಯುತ್ತಿದ್ದೆ. ಅವರು ಏಪ್ರನ್ ಬಿಚ್ಚಿ ನೀಟಾಗಿ ಮಡಿಸಿ ಲೋರಾಂಟನ ಹೆಗಲ ಮೇಲಿಟ್ಟರು, ಪೊಟ್ಟಣವನ್ನು ಕಂಕುಳಲ್ಲಿ ಇರುಕಿಕೊಂಡು ಬಸ್ಸಿನ ದಾರಿ ಹಿಡಿದರು.

ಮಾರ್ಚ್‌ನಲ್ಲಿ ಒಮ್ಮೆ ಸಂತೆಯಲ್ಲಿ ಸಿಕ್ಕರು. ಹೊಸ ಕೆಲಸ ಇನ್ನೂ ಸಿಕ್ಕಿರಲಿಲ್ಲ. ಕ್ಷಮೆ ಕೇಳಬೇಕೆಂದುಕೊಂಡೆ. ಬಾಯಿಂದ ಬಂದದ್ದು ಬೇರೆ: "ಆ ಪೊಟ್ಟಣ ಏನ್ಮಾಡಿದ್ರಿ? ಎಸೆದ್ಬಿಟ್ರಾ?"

"ತಿಂದೆ" ಎಂದರು. "ನನಗೆ ಮೋಸ ಮಾಡಿದ್ದು ಹಂದಿಯೇನ್ರೀ?"