ತಿರುಗಿ ಬಂದ ತಟ್ಟೆ

ಗ್ಲೆನ್ ವೇವರ್ಲಿಯ ನಮ್ಮ ಮನೆ ಹತ್ತಿರ ಒಂದು ಜಪಾನೀ ಹೋಟೆಲಿತ್ತು. ಮೀನು, ಅನ್ನದ ತಿನಿಸಾದ ಸುಶಿಯ ತಟ್ಟೆಗಳು ಕೂತವರ ಮುಂದೆ ಓಡುವ ಬೆಲ್ಟಿನ ಮೇಲೆ ಸುತ್ತು ಹಾಕುತ್ತಿದ್ದವು. ಬೇಕಾದ್ದನ್ನು ನಾವೇ ಎತ್ತಿಕೊಳ್ಳಬೇಕು. ಮೈಸೂರಿನಿಂದ ಬಂದಿದ್ದ ನನ್ನ ಅತ್ತೆಯನ್ನು ಒಮ್ಮೆ ಅಲ್ಲಿಗೆ ಕರೆದೊಯ್ದೆ. ಮೀನಿನ ತಟ್ಟೆಗಳೆಲ್ಲ ದಾಟಿದ ಮೇಲೆ ಸೌತೆಕಾಯಿ ಇಟ್ಟು ಸುತ್ತಿದ ಅನ್ನ ಬಂತು.

"ಇದು ಸಸ್ಯಾಹಾರ, ತಗೊಳ್ಳಿ ಅತ್ತೆ" ಎಂದೆ.

ಅವರು ಮದುವೆಮನೆಯ ಪಂಕ್ತಿಯಲ್ಲಿ ಎಲೆಗೆ ಕೈ ಅಡ್ಡ ಹಿಡಿಯುವಂತೆ ಹಿಡಿದು, "ಬೇಡ, ಬೇಡ" ಎಂದರು. ತಟ್ಟೆ ಮುಂದೆ ಹೋಯಿತು. ಅವರ ಕಣ್ಣೂ ಅದರ ಹಿಂದೆಯೇ ಹೋಯಿತು. ಹಸಿದು ಕೂತು ಇದೆಂಥ ಸಂಕೋಚ ಎಂದು ನನಗೆ ರೇಗಿತು.

ಅಷ್ಟರಲ್ಲಿ ಅದೇ ತಟ್ಟೆ ಸುತ್ತು ಮುಗಿಸಿ ಮತ್ತೆ ಅವರೆದುರು ಬಂತು. ಅತ್ತೆಯ ಮುಖ ಅರಳಿತು. ತಟ್ಟೆ ಎತ್ತಿಕೊಂಡು ನನ್ನತ್ತ ತಿರುಗಿದರು.

"ನೋಡು, ಉಪಚಾರ ಅಂದ್ರೆ ಇದು. ನಾನು ಒಂದ್ಸಲ ಬೇಡ ಅಂದ್ರೆ ನೀನು ಪಾತ್ರೆ ಮುಚ್ಚಿಟ್ಬಿಡ್ತೀಯ."