ಆಲ್ಟರ್ನೇಟರ್ ಕೂರಿಸಿದ ಮೆಕ್ಯಾನಿಕ್ಕು

ವಿಡಿಯೊ ನೋಡಿಕೊಂಡು ನಾನೇ ಕಾರಿಗೆ ಹೊಸ ಆಲ್ಟರ್ನೇಟರ್ ಕೂರಿಸಿದ್ದೆ. ಮರುದಿನ ಅತ್ತೆಯನ್ನು ಕಣ್ಣಿನ ಆಪರೇಷನ್ನಿಗೆ ಶಿರಸಿಯಿಂದ ಹುಬ್ಬಳ್ಳಿಗೆ ಕರೆದೊಯ್ಯುವಾಗ ಬ್ಯಾಟರಿಯ ಕೆಂಪು ದೀಪ ಹತ್ತಿತು. ಎಕ್ಕಂಬಿ ದಾಟುವಷ್ಟರಲ್ಲಿ ಕಾರು ನಿಂತೇಹೋಯಿತು.

ಹಿಂದೆ ಟ್ರ್ಯಾಕ್ಟರ್ ಓಡಿಸಿಕೊಂಡು ಬಂದ ಹೆಂಗಸೊಬ್ಬರು ಇಳಿದು ಬಾನೆಟ್ಟಿನೊಳಗೆ ಬಗ್ಗಿದರು. "ಆಲ್ಟರ್ನೇಟರಿನ ದಪ್ಪ ವೈರು ಲೂಸ್ ಐತ್ರಿ. ಬ್ಯಾಟರಿ ಚಾರ್ಜೇ ಆಗಿಲ್ಲ."

ನಟ್ಟು ಬಿಗಿದು, ಟ್ರ್ಯಾಕ್ಟರಿನ ಬ್ಯಾಟರಿಯಿಂದ ಕೇಬಲ್ ಕೊಟ್ಟು ಕಾರು ಸ್ಟಾರ್ಟ್ ಮಾಡಿಸಿದರು. ದೀಪ ಆರಿತು.

"ಇದನ್ನ ಯಾರು ಕುಂದ್ರಿಸ್ಯಾರ್ರಿ?"

"ಒಬ್ಬ ಮೆಕ್ಯಾನಿಕ್ಕು," ಎಂದೆ.

"ಇನ್ಮ್ಯಾಲೆ ಅವನ ಕಡೆ ಹೋಗಬ್ಯಾಡ್ರಿ."

ಹಿಂದಿನ ಸೀಟಿನಿಂದ ಅತ್ತೆ, "ಹೋಗ್ದೇ ಇರೂದು ಕಷ್ಟ ಮಾರಾಯ್ತಿ, ಅವ ನಮ್ಮನೆ ಅಳಿಯ," ಎಂದರು.

ಆಪರೇಷನ್ ಆಗಿ ಅತ್ತೆಗೆ ಈಗ ಎಲ್ಲ ಸ್ಪಷ್ಟವಾಗಿ ಕಾಣುತ್ತದೆ. ನಾನು ಬಾನೆಟ್ ಎತ್ತಿದರೆ ಸಾಕು, ಪಕ್ಕದಲ್ಲೇ ಬಂದು ನಿಲ್ಲುತ್ತಾರೆ.